ದ್ಯಾವಮ್ಮ ಮಾಡಿದ ಬಾಣಂತನ

ಪಕ್ಕದ ಮನೆಯ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಹೆತ್ತು ಹದಿನೈದು ದಿನವಾಯಿತು. ದಿನಾ ಬೆಳಿಗ್ಗೆ ಎರೆದು, ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಹೊಗೆಯ ಜೊತೆಗೆ ಹುರಿದ ಓಂಕಾಳು, ಬೆಳ್ಳುಳ್ಳಿಯ ವಾಸನೆ ಗೋಡೆ ಹಾರಿ ನಮ್ಮ ಅಡುಗೆಮನೆಗೆ ಬರುತ್ತದೆ. ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ಮೊನ್ನೆ ಆ ಮನೆಯಾಕೆ ಕಾಂಪೌಂಡಿನಾಚೆಯಿಂದ ನಗುತ್ತಾ ಕೇಳಿದರು, ಇಷ್ಟು ವರ್ಷ ಹೆರಿಗೆ ಮಾಡಿಸಿದ ಸಿಸ್ಟರಿಗೆ ಬಾಣಂತಿ ಕೋಣೆಯ ವಾಸನೆ ಆಗುವುದಿಲ್ಲವೇ ಎಂದು. ಅರಸೀಕೆರೆಯಲ್ಲಿ ಎಂಥವರಿಗೂ ಅಲ್ಲಲ್ಲೇ ಉತ್ತರ ಕೊಟ್ಟು ಬರುವ ಬಾಯಿ ನನ್ನದು. ಅವತ್ತು ಮಾತ್ರ ಹೊಗೆಗೆ ಕೆಮ್ಮು ಬರುತ್ತದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಕೆಮ್ಮೂ ಇಲ್ಲ, ಏನೂ ಇಲ್ಲ. ಆ ವಾಸನೆ ಬಂದರೆ ನನಗೆ ಒಂದು ರಾಗಿ ಕೊಯ್ಲಿನ ಕಾಲ ನೆನಪಾಗುತ್ತದೆ, ಅಷ್ಟೇ.

ಲಾಕ್‌ಡೌನ್ ಮುಗಿದು ಎರಡನೆಯ ಚಳಿಗಾಲ ಅದು. ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತಿಯಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂತು ಟಿವಿ ನೋಡುವ ಜಾಯಮಾನ ನನ್ನದಲ್ಲ. ಒಂದು ದೊಡ್ಡ ಆಸ್ಪತ್ರೆಯವರು ಫಿಸ್ಟುಲಾ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ, ಹಳ್ಳಿ ತಿರುಗಲು ಅನುಭವಸ್ಥ ನರ್ಸ್ ಬೇಕಂತೆ ಎಂದು ಗೊತ್ತಾದಾಗ ಕುಣಿದುಕೊಂಡು ಹೋಗಿ ಸೇರಿದೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದವು.

ಹೆರಿಗೆ ನೋವು ದಿನಗಟ್ಟಲೆ ಎಳೆದು, ಮಗುವಿನ ತಲೆ ಒಂದೇ ಕಡೆ ಒತ್ತಿ ನಿಂತರೆ ಅಲ್ಲಿಯ ಮಾಂಸ ಸತ್ತು ಹೋಗುತ್ತದೆ. ಮೂತ್ರದ ಚೀಲಕ್ಕೂ ಹೆರಿಗೆಯ ದಾರಿಗೂ ನಡುವೆ ತೂತು ಬೀಳುತ್ತದೆ. ಆಮೇಲೆ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇರುತ್ತದೆ. ಕೆಲವರಿಗೆ ಮಲದ ದಾರಿಯ ಕಡೆಗೂ ತೂತಾಗುತ್ತದೆ. ಇನ್ನು ಕೆಲವರಿಗೆ ಗರ್ಭಕೋಶ ತೆಗೆಸುವಾಗ ಕತ್ತರಿ ತಾಗಿ ಆಗಿರುತ್ತದೆ. ಇಂಥ ಹೆಂಗಸರನ್ನು ಹುಡುಕುವುದು ನನ್ನ ಕೆಲಸ. ಫಿಸ್ಟುಲಾ ಎಂದ ಕೂಡಲೇ ಗಂಡಸರು ತಮ್ಮ ಕೂರುವ ಜಾಗದ ಹುಣ್ಣು ಹೇಳಿಕೊಳ್ಳಲು ಬಂದು ನಿಲ್ಲುತ್ತಿದ್ದರು. ನಿಜವಾಗಿ ಬೇಕಾದ ಹೆಂಗಸರು ಮಾತ್ರ ಹಿತ್ತಲಿನ ಬಾಗಿಲ ಹಿಂದೆ ನಿಂತಿರುತ್ತಿದ್ದರು. ಮನೆಯ ಬೇಲಿಯ ಮೇಲೆ ಒಣಹಾಕಿದ ಹಳೇ ಬಟ್ಟೆ ಲೆಕ್ಕಕ್ಕಿಂತ ಜಾಸ್ತಿ ಕಂಡರೆ ನಾನು ಆ ಮನೆಗೆ ಹೋಗಿ ನೀರು ಕೇಳುತ್ತಿದ್ದೆ.

ಮಂಜುಳ ಸಿಕ್ಕಿದ್ದು ಹಾಗೆಯೇ. ಹುಲಿಕೆರೆ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು. ಇಪ್ಪತ್ತಾರು ವರ್ಷದ ಹುಡುಗಿ, ಕೊಟ್ಟಿಗೆಗೆ ತಾಗಿಸಿ ಇಳಿಸಿದ ತಗಡಿನ ಸೂರಿನ ಕೆಳಗೆ ಮಲಗುತ್ತಿದ್ದಳು. ಅಲ್ಲಿ ಮಲಗು ಎಂದು ಯಾರೂ ಹೇಳಿರಲಿಲ್ಲ, ತಾನೇ ಹೋಗಿದ್ದಳು. ಅವಳ ತಾಯಿ ದ್ಯಾವಮ್ಮ, ಗಂಡ ಸತ್ತ ಮೇಲೆ ಒಂದೂವರೆ ಎಕರೆ ಹೊಲ, ಎಂಟು ತೆಂಗಿನ ಮರ ನೋಡಿಕೊಂಡು ಮಗಳನ್ನು ಸಾಕಿದವರು. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತಂದಿದ್ದರು. ನೋವು ಶುರುವಾದಾಗ ಲಾಕ್‌ಡೌನ್, ಒಂದು ಗಾಡಿ ಸಿಗಲಿಲ್ಲ. ಮೂರನೆಯ ದಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗಂಡು ಮಗು ಹೊಟ್ಟೆಯಲ್ಲೇ ಹೋಗಿತ್ತು. ಆ ಕೂಡಲೇ ಮೂತ್ರಚೀಲಕ್ಕೆ ಒಂದು ಕೊಳವೆ ಹಾಕಿ ಕೆಲವು ವಾರ ಬಿಟ್ಟಿದ್ದರೆ ತೂತು ತಾನೇ ಕೂಡಿಕೊಳ್ಳುವ ಸಾಧ್ಯತೆ ಇತ್ತು. ಆ ಗಲಾಟೆಯಲ್ಲಿ ಯಾರೂ ಹಾಕಲಿಲ್ಲ. ವಾರ ಕಳೆಯುವುದರೊಳಗೆ ಸೋರಲು ಶುರುವಾಗಿ, ನಾನು ನೋಡುವ ಹೊತ್ತಿಗೆ ಎರಡು ವರ್ಷ ತುಂಬುತ್ತಾ ಬಂದಿತ್ತು.

ಗಂಡ ಲೋಕೇಶ ಬೇಲೂರಿನಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದ. ಕೆಟ್ಟವನಲ್ಲ. ಭಾನುವಾರ ಬಂದು ಜಗಲಿಯ ಮೇಲೆ ಕೂತು, ಹೆಂಡತಿಯ ಮುಖ ನೋಡಿ, ತಂದ ಹಣ್ಣು ಇಟ್ಟು ಹೋಗುತ್ತಿದ್ದ. ಅವನ ತಾಯಿ ಮಾತ್ರ ಸೋರುವುದು ನಿಲ್ಲುವವರೆಗೆ ಸೊಸೆ ಹೊಸ್ತಿಲು ತುಳಿಯಬಾರದು ಎಂದು ಹಟ ಹಿಡಿದಿದ್ದರು. ಯುಗಾದಿವರೆಗೆ ನೋಡುತ್ತೇನೆ, ಆಮೇಲೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದೂ ಹೇಳಿ ಕಳಿಸಿದ್ದರು. ಮಂಜುಳ ನೀರನ್ನೇ ಕುಡಿಯುತ್ತಿರಲಿಲ್ಲ. ಕುಡಿದಷ್ಟೂ ಸೋರುತ್ತದೆ ಎಂದು ಒಣ ತುಟಿಯಲ್ಲೇ ದಿನ ತಳ್ಳುತ್ತಿದ್ದಳು. ಮೊದಲ ದಿನ ನನ್ನೊಂದಿಗೆ ಅವಳು ಆಡಿದ್ದು ಒಂದೇ ಮಾತು.

"ಒಂದು ಕಿತ ಬಸ್ನಲ್ಲಿ ಸೀಟ್ ಮ್ಯಾಲೆ ಕೂತ್ಕಂಡು ಬೇಲೂರ್ಗೆ ಹೋಗ್ಬೇಕು ಸಿಸ್ಟರೇ. ಇನ್ನೇನೂ ಬ್ಯಾಡ."

ಹೋಗುತ್ತೀಯ ಕಣೇ, ಯುಗಾದಿಗೆ ಮುಂಚೆ ನಾನೇ ಕೂರಿಸಿ ಕಳಿಸುತ್ತೇನೆ ಎಂದುಬಿಟ್ಟೆ. ಹಾಗೆ ಹೇಳಬಾರದು. ಸಂಶೋಧನೆಯಲ್ಲಿ ಯಾರಿಗೂ ಗ್ಯಾರಂಟಿ ಕೊಡಬಾರದು ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ನಾನು ಆ ಜಾತಿ. ಬಾಯಿಂದ ಬೇರೆಯವರೂ ಬದುಕುತ್ತಾರೆ ಎಂದು ನಂಬಿಕೊಂಡಿದ್ದೆ.

ಕಾರ್ತಿಕ ಕಳೆದ ಮೇಲೆ ಆಪರೇಷನ್ ಆಯಿತು. ಡಾಕ್ಟರಮ್ಮ ನಿಧಾನಸ್ಥೆ, ಕೈ ಬಹಳ ಒಳ್ಳೆಯದು. ತೂತು ಹೊಲಿದು ಮೂತ್ರಕ್ಕೆ ಕೊಳವೆ ಇಟ್ಟು ಪಕ್ಕದಲ್ಲಿ ಚೀಲ ತೂಗುಹಾಕಿದರು. ಹೊಲಿಗೆ ಕೂಡುವವರೆಗೆ ಮೂತ್ರಚೀಲ ತುಂಬಿ ಹಿಗ್ಗಬಾರದು. ಕೊಳವೆ ಒಂದು ಗಳಿಗೆಯೂ ಕಟ್ಟಿಕೊಳ್ಳಬಾರದು, ಅದಕ್ಕೆ ದಿನವಿಡೀ ನೀರು ಕುಡಿಯುತ್ತಲೇ ಇರಬೇಕು. ವಾರ್ಡಿನಲ್ಲಿ ನಾನೇ ಲೋಟ ಹಿಡಿದು ನಿಂತು ಕುಡಿಸಿದೆ. ಎರಡನೆಯ ದಿನ ಅವಳ ಹಾಸಿಗೆ ಒಣಗಿತ್ತು. ಅವಳು ಕೈಯಲ್ಲಿ ಬೆಡ್‌ಶೀಟ್ ಸವರುತ್ತಾ, ಒಣಗಿದೆಯಾ ನೋಡಿ ಎಂದು ನನಗೂ ಸವರಲು ಹೇಳಿದಳು. ನಾನು ಸವರಿದೆ. ಅತ್ತುಬಿಟ್ಟೆ, ಮುಚ್ಚುಮರೆ ಯಾಕೆ.

ನಮ್ಮ ಸಂಶೋಧನೆಯ ಪ್ರಶ್ನೆ ಇಷ್ಟೇ. ಕೊಳವೆ ತೆಗೆಯುವವರೆಗೂ ಹೆಂಗಸರನ್ನು ವಾರಗಟ್ಟಲೆ ವಾರ್ಡಿನಲ್ಲೇ ಇಡಬೇಕೇ, ಅಥವಾ ಕೊಳವೆಯೊಂದಿಗೆ ಮನೆಗೆ ಕಳಿಸಿ ಮನೆಯವರಿಂದ ನೋಡಿಕೊಳ್ಳಿಸಬಹುದೇ? ಯಾರು ಮನೆಗೆ, ಯಾರು ವಾರ್ಡಿಗೆ ಎಂಬುದನ್ನು ಅಂಟಿಸಿದ ಲಕೋಟೆ ತೀರ್ಮಾನಿಸುತ್ತಿತ್ತು. ಮಂಜುಳನ ಲಕೋಟೆ ಒಡೆದರೆ ಮನೆ ಎಂದು ಬಂತು. ನನ್ನ ಕಡೆಯ ಹಳ್ಳಿಗಳಲ್ಲಿ ಮನೆಗೆ ಹೋದ ಮೊದಲನೆಯವಳು ಅವಳೇ. ಮೂರು ದಿನಕ್ಕೊಮ್ಮೆ ನಾನು ಹೋಗಿ ನೋಡಿಕೊಂಡು ಬರಬೇಕು.

ಮನೆಯವರಿಗೆ ಓದಿ ಹೇಳಲು ಅಚ್ಚು ಹಾಕಿದ ಹಾಳೆ ಇತ್ತು. ಹನ್ನೆರಡು ಸೂಚನೆ. ಇಷ್ಟು ಲೀಟರ್ ನೀರು, ಕೊಳವೆ ಮಡಿಚಿಕೊಳ್ಳದಂತೆ ಎಚ್ಚರ, ಭಾರ ಎತ್ತಬಾರದು, ಗಂಡನ ಜೊತೆ ಮಲಗಬಾರದು, ಇತ್ಯಾದಿ. ದ್ಯಾವಮ್ಮ ಓದಿದವರಲ್ಲ. ನಾನು ನಾಲ್ಕನೆಯ ಸೂಚನೆಗೆ ಬರುವಷ್ಟರಲ್ಲಿ ಅವರ ಕಣ್ಣು ಮಂಕಾಗಿ, ಹೂಂ ಹೂಂ ಎನ್ನುವುದು ಯಾಂತ್ರಿಕವಾಗಿತ್ತು. ರಾಗಿ ಕೊಯ್ಲು ನೆತ್ತಿಯ ಮೇಲಿತ್ತು. ಈ ಹುಡುಗಿ ಮನೆಗೆ ಹೋದ ಕೂಡಲೇ ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುತ್ತಾಳೆ, ಹೊರೆ ಹೊರುತ್ತಾಳೆ ಎಂಬುದೇ ನನ್ನ ದಿಗಿಲು. ಹಾಳೆ ಮಡಿಚಿ ಅವರ ಕೈಗಿಟ್ಟು, ಮಂಜುಳನ ಮುಂದೆಯೇ ಹೇಳಿದೆ.

"ನೋಡಿ ದ್ಯಾವಮ್ಮ, ಇದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ಇವಳು ಈಗ ಹಸಿ ಬಾಣಂತಿ ಅಂದ್ಕೊಳ್ಳಿ. ಹಸಿ ಬಾಣಂತೀನ ಹೆಂಗೆ ನೋಡ್ಕೊಳ್ತೀರೋ ಹಂಗೇ ನೋಡ್ಕೊಳ್ಳಿ, ಸಾಕು."

ಆ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ಎಲ್ಲ ಅರ್ಥವಾಯಿತು ಎಂದು ತಲೆದೂಗಿದರು. ಕಾಲು ನೆಲ ಮುಟ್ಟದಂತೆ ನೋಡಿಕೊಳ್ಳುತ್ತೇನೆ, ಒಂದು ಕಡ್ಡಿ ಎತ್ತಲು ಬಿಡುವುದಿಲ್ಲ, ಅಳಿಯ ಬಂದರೂ ಜಗಲಿಯಲ್ಲೇ ಎಂದರು. ಹನ್ನೆರಡು ಸೂಚನೆಯಲ್ಲಿ ಹೇಳಲಾಗದ್ದನ್ನು ಒಂದೇ ಮಾತಿನಲ್ಲಿ ಮುಟ್ಟಿಸಿದೆನಲ್ಲ ಎಂದು ನನಗೆ ನನ್ನ ಮೇಲೇ ಹೆಮ್ಮೆ ಬಂತು. ಜೊತೆಯ ಹುಡುಗಿಯರಿಗೂ ಹೇಳಿಕೊಂಡು ಬೀಗಿದೆ.

ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಅರಸೀಕೆರೆ ಸ್ಟೇಷನ್ ಕಡೆ ಮಂಜು ಎಷ್ಟಿತ್ತೆಂದರೆ ಕೊಬ್ಬರಿ ಮೂಟೆ ಹೊತ್ತ ಲಾರಿಗಳು ಹತ್ತಿರ ಬಂದ ಮೇಲೇ ಕಾಣುತ್ತಿದ್ದವು. ಹಳೇಬೀಡು ದಾಟಿದ ಮೇಲೆ ಬಿಸಿಲು ಬಂತು. ಎಲ್ಲ ಹೊಲದಲ್ಲೂ ಜನ. ಕೊಯ್ದ ರಾಗಿ ಇಬ್ಬನಿಗೆ ನೆಂದು ಮಲಗಿತ್ತು. ದ್ಯಾವಮ್ಮನ ಹೊಲ ಮಾತ್ರ ಕೊಯ್ಲಾಗದೆ ಹಾಗೇ ನಿಂತಿತ್ತು. ಮಗಳ ಆರೈಕೆ ಮುಗಿಯುವವರೆಗೆ ಕುಡುಗೋಲು ಮುಟ್ಟುವುದಿಲ್ಲ, ಉದುರಿದರೆ ಉದುರಲಿ ಎಂದಿದ್ದರಂತೆ.

ಮನೆಯೊಳಗೆ ಕಾಲಿಟ್ಟರೆ ಸಾಂಬ್ರಾಣಿ ಹೊಗೆ, ಓಂಕಾಳಿನ ಘಾಟು. ಮಂಜುಳ ತಗಡಿನ ಸೂರಿನಿಂದ ನಡುಮನೆಗೆ ಬಂದಿದ್ದಳು. ಹಗ್ಗದ ಮಂಚ, ಕಂಬಳಿ, ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಮೆಣಸು ಬೆಳ್ಳುಳ್ಳಿ ಅರೆದ ಖಾರ, ಬಿಸಿ ಅನ್ನ, ಊಟವಾದ ಮೇಲೆ ಎಲೆ ಅಡಿಕೆ. ಎರಡು ವರ್ಷದ ಹಿಂದೆ ಮಗು ಕಳೆದುಕೊಂಡು ಬಂದ ಹುಡುಗಿಗೆ ಯಾರೂ ಬಾಣಂತನ ಮಾಡಿರಲಿಲ್ಲ. ಮಗುವಿಲ್ಲದ ಮೇಲೆ ಎಂಥ ಬಾಣಂತನ ಎಂದು ಊರೂ ಕೇಳಿತ್ತು, ದ್ಯಾವಮ್ಮನಿಗೂ ಕೈಯೇ ಏಳಲಿಲ್ಲವಂತೆ. ಆ ಬಾಕಿಯನ್ನು ಈಗ ತೀರಿಸುವವರಂತೆ ಆಕೆ ಓಡಾಡುತ್ತಿದ್ದರು. ಎಂಥ ಒಳ್ಳೆಯ ಕೆಲಸ ಮಾಡಿದೆ ನಾನು ಎನಿಸಿತು.

ಚೀಲದ ಮೂತ್ರ ಬಣ್ಣಗೆಟ್ಟಿತ್ತು. ಕಡಕ್ ಚಹಾದ ಹಾಗೆ. ನೋಡಿದೆ, ನೋಡಲಿಲ್ಲ ಎನ್ನಲಾರೆ. ನೀರು ಕೊಡುತ್ತಿದ್ದೀರಾ ಎಂದು ಕೇಳಿದೆ. ಎಷ್ಟು ಬೇಕೋ ಅಷ್ಟು ಕೊಡುತ್ತಿದ್ದೇನೆ ಎಂದರು ದ್ಯಾವಮ್ಮ. ಎಷ್ಟು ಎಂದು ನಾನು ಕೇಳಲಿಲ್ಲ. ಮಂಜುಳ ತಾಯಿಯ ಮುಖ ನೋಡಿ ಕಂಬಳಿ ಎಳೆದುಕೊಂಡಳು. ಇನ್ನೂ ಸ್ವಲ್ಪ ಜಾಸ್ತಿ ಕೊಡಿ ಎಂದು ಹೇಳಿ, ಅವರು ಬಡಿಸಿದ ಅನ್ನ ಸಾರು ಉಂಡು, ಮುಂದಿನ ಊರಿಗೆ ಹೊರಟೆ.

ನಮ್ಮ ಕಡೆ ಹಸಿ ಬಾಣಂತಿಗೆ ನೀರು ಕೊಡುವುದಿಲ್ಲ. ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಗಂಟಲು ನೆನೆಯುವಷ್ಟು ಕಾದ ನೀರು ಕೊಟ್ಟರೆ ಹೆಚ್ಚು. ಹಳೇ ಸೀರೆ ಹರಿದು ಹೊಟ್ಟೆಯನ್ನು ಬಿಗಿಯಾಗಿ ಕಟ್ಟುತ್ತಾರೆ. ನಾನೇನು ಇಂಗ್ಲೆಂಡಿನಿಂದ ಬಂದವಳೇ? ನನ್ನನ್ನೂ ನಮ್ಮಮ್ಮ ಹಾಗೇ ಕಟ್ಟಿದ್ದರು, ಅರ್ಧ ಲೋಟ ನೀರಿಗೆ ನಾನೂ ಗೋಗರೆದಿದ್ದೆ. ಕೆಲಸದಲ್ಲಿದ್ದಷ್ಟು ಕಾಲವೂ ಹಳ್ಳಿಯ ತಾಯಂದಿರ ಜೊತೆ ಇದೇ ವಿಷಯಕ್ಕೆ ಜಗಳವಾಡಿದ್ದೆ. ಅಂಥವಳು, ಬಾಣಂತಿ ಎಂದಾಗ ವಿಶ್ರಾಂತಿಯನ್ನಷ್ಟೇ ನೆನೆದೆ. ದ್ಯಾವಮ್ಮ ಬಾಣಂತನವನ್ನು ಪೂರ್ತಿ ನೆನೆದರು.

ಐದನೆಯ ದಿನ ಬೆಳಿಗ್ಗೆ ಮಂಜುಳನ ಫೋನು ಬಂತು. ಚೀಲಕ್ಕೆ ಏನೂ ಬರುತ್ತಿಲ್ಲ, ಕಿಬ್ಬೊಟ್ಟೆ ಕಲ್ಲಾಗಿದೆ ಎಂದಳು. ಹೊಟ್ಟೆಗೆ ಏನಾದರೂ ಕಟ್ಟಿದ್ದಾರೆಯೇ ಎಂದು ಕೇಳುವಷ್ಟು ಬುದ್ಧಿ ಆಗ ಬಂತು. ಹಿಂದಿನ ಸಂಜೆ ಕಟ್ಟಿದ್ದರು, ಕೊಳವೆಯೂ ಸೇರಿ. ಬಿಚ್ಚು, ಈಗಲೇ ಬಿಚ್ಚು ಎಂದು ಬಸ್‌ಸ್ಟ್ಯಾಂಡಿನಲ್ಲಿ ಅರಚಿದೆ. ಲೋಕೇಶ ತನ್ನ ಆಟೋದಲ್ಲೇ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ನಾನು ಹೋಗುವ ಹೊತ್ತಿಗೆ ಅವಳ ಲಂಗ ನೆನೆದಿತ್ತು. ಅವಳು ಬೆಡ್‌ಶೀಟ್ ಸವರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು.

ಮಡಿಚಿ ಕಟ್ಟಿಹೋದ ಕೊಳವೆ, ಒಳಗೆ ಗಟ್ಟಿ ಮೂತ್ರ, ತುಂಬಿ ಹಿಗ್ಗಿದ ಮೂತ್ರಚೀಲ. ಹೊಲಿಗೆ ಬಿಟ್ಟಿತ್ತು. ಡಾಕ್ಟರಮ್ಮ ಮೊದಲ ಸಲ ದನಿ ಎತ್ತಿದ್ದು ಅವತ್ತೇ. ನೀರು ಕೊಡಬೇಡಿ, ಹೊಟ್ಟೆ ಕಟ್ಟಿ ಎಂದು ನಿಮಗೆ ಹೇಳಿದ್ದು ಯಾರು ಎಂದು ದ್ಯಾವಮ್ಮನನ್ನು ಕೇಳಿದರು. ನಾನು ಅಲ್ಲೇ, ಕೈಯಳತೆಯಲ್ಲಿ ನಿಂತಿದ್ದೆ. ದ್ಯಾವಮ್ಮ ನನ್ನ ಮುಖ ನೋಡಿದರು.

"ಯಾರೂ ಯೋಳ್ನಿಲ್ಲ ಕಣವ್ವ. ನಾನೇ ಮಾಡ್ದೆ."

ನನ್ನನ್ನು ಉಳಿಸಲು ಹಾಗಂದರೋ, ತನ್ನದೇ ತಪ್ಪೆಂದು ನಿಜಕ್ಕೂ ನಂಬಿದ್ದರೋ ನನಗೆ ಗೊತ್ತಿಲ್ಲ. ಆ ಗಳಿಗೆಯಲ್ಲಿ ಬಾಯಿ ತೆರೆಯಬೇಕಿತ್ತು. ಯಾವತ್ತೂ ಮುಚ್ಚದ ಬಾಯಿ ಅವತ್ತು ಮುಚ್ಚಿತು. ಆಮೇಲೆ ಫಾರಂ ತುಂಬುವಾಗ, ವಿಫಲವಾಗಲು ಕಾರಣ ಎಂಬ ಜಾಗದಲ್ಲಿ ಮನೆಯವರು ಸೂಚನೆ ಪಾಲಿಸಿಲ್ಲ ಎಂದು ಬರೆದು ಸಹಿ ಹಾಕಿದೆ. ಹೇಳಿದ್ದನ್ನು ಆಕೆಯಷ್ಟು ಚಾಚೂತಪ್ಪದೆ ಪಾಲಿಸಿದವರು ಇಡೀ ಸಂಶೋಧನೆಯಲ್ಲಿ ಇನ್ನೊಬ್ಬರಿರಲಿಲ್ಲ.

ತಿಂಗಳ ಮೀಟಿಂಗಿನಲ್ಲಿ ಆ ಫಾರಂ ಓದಿದರು. ಹಳ್ಳಿಯವರಿಗೆ ಎಷ್ಟು ತಿಳಿಸಿ ಹೇಳಿದರೂ ಅಷ್ಟೇ ಎಂದು ಒಬ್ಬ ಹುಡುಗ ಡಾಕ್ಟರು ನಿಟ್ಟುಸಿರು ಬಿಟ್ಟರು. ನಾನು ತಲೆ ಬಗ್ಗಿಸಿ ಕಾಫಿ ಕುಡಿದೆ. ಮನೆಯ ಗುಂಪಿಗೆ ಹೊಸದಾಗಿ ಯಾರನ್ನೂ ಸದ್ಯಕ್ಕೆ ಸೇರಿಸುವುದು ಬೇಡ ಎಂದಾಯಿತು. ಆಮೇಲೆ ನಾನು ಹೊಸ ಹುಡುಗಿಯರಿಗೆ ತರಬೇತಿ ಕೊಡುವಾಗಲೆಲ್ಲ, ಬಾಣಂತಿ ಎಂಬ ಮಾತು ಬಳಸಲೇಬೇಡಿ, ಲೋಟ ತೋರಿಸಿ ಲೆಕ್ಕ ಹೇಳಿ ಎಂದು ಒತ್ತಿ ಹೇಳುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದರೆ, ಅನುಭವ ಕಣ್ರೇ ಎನ್ನುತ್ತಿದ್ದೆ.

ಹೊಲಿಗೆ ಬಿಟ್ಟ ಮಾಂಸ ಮಾಗಲು ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ಯುಗಾದಿ ಬಂತು, ಹೋಯಿತು. ಲೋಕೇಶ ಇನ್ನೂ ಕೆಲವು ಭಾನುವಾರ ಬಂದನಂತೆ. ಬರುವುದು ನಿಂತ ಮೇಲೆ ಅವನಿಗೆ ಮದುವೆಯಾದ ಸುದ್ದಿ ಬಂತು. ಎರಡನೆಯ ಆಪರೇಷನ್ನಿಗೆ ಮಂಜುಳ ಒಪ್ಪಿದ್ದು ಒಂದು ವರ್ಷದ ಮೇಲೆ, ತಾಯಿಯ ಗೋಳಾಟಕ್ಕೆ. ಮೊದಲ ಸಲದಷ್ಟು ಸುಲಭವಿರಲಿಲ್ಲ. ತೂತು ಕಿರಿದಾಯಿತು, ಪೂರ್ತಿ ಮುಚ್ಚಲಿಲ್ಲ. ಅಷ್ಟು ಹೊತ್ತಿಗೆ ಆ ಕಡೆಯ ಹಳ್ಳಿಗಳನ್ನು ಬೇರೆಯವರಿಗೆ ಕೊಡಿಸಿ ನಾನು ಆಫೀಸಿನಲ್ಲಿ ಕೂತಿದ್ದೆ.

ಪಕ್ಕದ ಮನೆಯ ಹೊಗೆ ಎಂಟು ದಿನ ತಡೆದುಕೊಂಡೆ. ಒಂಬತ್ತನೆಯ ದಿನ ಬಸ್ಸು ಹತ್ತಿದೆ. ದ್ಯಾವಮ್ಮನ ಮುಂದೆ ಕೂತು ಎಲ್ಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮನೆಯ ಜಗಲಿಯಲ್ಲಿ ಮಂಜುಳ ಹೊಲಿಗೆ ಮಿಷನ್ ಹಾಕಿಕೊಂಡು ಕೂತಿದ್ದಳು. ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಬಟ್ಟೆ. ಕೂತಾಗ ಪರವಾಗಿಲ್ಲ, ಎದ್ದು ಓಡಾಡಿದರೆ ಕಷ್ಟ ಎಂದಳು. ಅದಕ್ಕೇ ಈ ಕೆಲಸ. ಅವ್ವ ಎಲ್ಲಿ ಎಂದು ಕೇಳಿದೆ. ಒಳಗಿನ ಗೋಡೆ ತೋರಿಸಿದಳು. ಫೋಟೋಗೆ ಹೂವಿನ ಹಾರ ಹಾಕಿತ್ತು.

ಜೋಡಿಸಿಕೊಂಡ ಮಾತನ್ನೆಲ್ಲ ಮಗಳಿಗೇ ಹೇಳಿದೆ. ಬಾಣಂತಿ ಅಂದದ್ದು ನಾನು, ಬಣ್ಣಗೆಟ್ಟ ಮೂತ್ರ ನೋಡಿಯೂ ಅನ್ನ ಉಂಡು ಹೋದವಳು ನಾನು, ಫಾರಂನಲ್ಲಿ ಸುಳ್ಳು ಬರೆದವಳೂ ನಾನು. ಮಂಜುಳ ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು. ಬಾಣಂತಿ ಅಂದದ್ದು ತನಗೆ ಗೊತ್ತೇ ಇತ್ತಲ್ಲ, ತಾನೂ ಅಲ್ಲೇ ಇದ್ದೆನಲ್ಲ ಎಂದಳು. ನೀರು ಕುಡಿಯಬೇಕೆಂಬುದೂ ಗೊತ್ತಿತ್ತಂತೆ. ವಾರ್ಡಿನಲ್ಲಿ ಅಷ್ಟು ಕುಡಿಸಿದ್ದರಲ್ಲ.

"ಕೇಳಕ್ಕೆ ಬಾಯಿ ಬರ್ನಿಲ್ಲ ಸಿಸ್ಟರೇ. ಎಲ್ಡು ವರ್ಸದ ಮ್ಯಾಲೆ ಅವ್ವ ಪದ ಹೇಳ್ಕಂಡು ನೀರು ಕಾಯಿಸ್ತಿದ್ಲು. ಹೆಂಗೆ ಬ್ಯಾಡ ಅನ್ನಲಿ?"

ಆಮೇಲೆ ನಡೆದದ್ದನ್ನೂ ಹೇಳಿದಳು. ಹೊಲಿಗೆ ಬಿಟ್ಟು ಆಸ್ಪತ್ರೆಯಿಂದ ಬಂದ ದಿನದಿಂದ ದ್ಯಾವಮ್ಮ ಮಗಳು ಕುಡಿಯುವವರೆಗೆ ತಾನು ನೀರು ಮುಟ್ಟುತ್ತಿರಲಿಲ್ಲವಂತೆ. ಚೊಂಬು ಹಿಡಿದು ಮಿಷನ್ ಪಕ್ಕ ನಿಂತುಬಿಡುತ್ತಿದ್ದರಂತೆ. ಕೊನೆಯ ದಿನ ಜ್ವರದಲ್ಲಿ ಬಾಯಿ ಒಣಗಿದಾಗ ಮಂಜುಳ ಚಮಚದಲ್ಲಿ ನೀರು ಬಿಡಲು ಹೋದರೆ ತುಟಿ ಬಿಗಿಹಿಡಿದು, ನೀನು ಮೊದಲು ಕುಡಿ ಎಂದು ಸನ್ನೆ ಮಾಡಿದರಂತೆ. ಅವಳು ಕುಡಿದಳಂತೆ. ಆಮೇಲೆ ಇವರು ಕುಡಿದರಂತೆ.

ನಾನು ಅಳುತ್ತಿದ್ದೆ. ಮಂಜುಳ ಅಳಲಿಲ್ಲ. ಹೊಲಿಯುತ್ತಿದ್ದ ರವಿಕೆಯ ತೋಳನ್ನು ತೊಡೆಯ ಮೇಲಿಟ್ಟು ನೀವುತ್ತಾ, ಸಿಟ್ಟೇನೂ ಇಲ್ಲದೆ ಹೇಳಿದಳು.

"ನಂಗ್ಯಾಕೆ ಹೇಳ್ತೀರಿ ಈಗ? ಅವ್ವಂಗೆ ಹೇಳ್ಬೇಕಿತ್ತು. ನನ್ ಕೈಯಾರೆ ಹಾಳ್ ಮಾಡ್ದೆ ಅಂತಲೇ ಹೋದ್ಲು ಅವ್ಳು."

ಆ ರಾಗಿ ಕೊಯ್ಲಾದ ಮೇಲೆ ದ್ಯಾವಮ್ಮ ಎರಡು ವರ್ಷ ಬದುಕಿದ್ದರು. ಆ ಎರಡು ವರ್ಷವೂ ನಾನು ಅರಸೀಕೆರೆಯಲ್ಲೇ ಇದ್ದೆ.